ಕಪಾಟಿನ ಹಿಂದಿನ ಬೂಷ್ಟು

ಗಂಗಾವತಿಯ ನಿಮ್ಮ ಮನೆಯಲ್ಲಿ ಕಪಾಟಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ, ಮಗುವಿಗೆ ಕೆಮ್ಮು ಬಿಡುತ್ತಿಲ್ಲ, ಹೊಸ ಬಣ್ಣ ಹೊಡೆಸಿ ಏರ್ ಪ್ಯೂರಿಫೈಯರ್ ಇಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಪ್ಯೂರಿಫೈಯರ್ ಗಾಳಿಯಲ್ಲಿ ತೇಲುವ ಬೀಜಕಣಗಳಲ್ಲಿ ಒಂದಿಷ್ಟನ್ನು ಹಿಡಿಯುತ್ತದೆಯೇ ಹೊರತು ಗೋಡೆಯನ್ನು ಆರಿಸುವುದಿಲ್ಲ. ತೇವ ಉಳಿದರೆ ಹೊಸ ಬಣ್ಣದ ಮೇಲೂ ಬೂಷ್ಟು ಬರುತ್ತದೆ.

ಮೊದಲು ತೇವದ ಮೂಲವನ್ನು ಪತ್ತೆಹಚ್ಚಿ. ಕಪಾಟನ್ನು ಸರಿಸಿ, ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವವು ಗೋಡೆಯಿಂದ, ಅಂದರೆ ಅಡಿಪಾಯದಿಂದಲೋ ಸೋರುವ ಪೈಪಿನಿಂದಲೋ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯಿಂದ. ಈ ಎರಡನೆಯದಾದರೆ ನಾನು ಮೊದಲು ಅನುಮಾನಿಸುವುದು ಕೂಲರನ್ನು. ನಮ್ಮ ಬೇಸಿಗೆಯ ಒಣಗಾಳಿಗೆ ಅದು ಸರಿಯೇ, ಆದರೆ ಮಳೆಗಾಲ ಶುರುವಾದ ಮೇಲೂ ಕಿಟಕಿ ಮುಚ್ಚಿಕೊಂಡು ನೀರು ತುಂಬಿಸಿ ಓಡಿಸಿದರೆ (ಕೋಣೆ ತಂಪಾಗುವುದೂ ಇಲ್ಲ, ಆ ಮಾತು ಬೇರೆ) ತೇವವೆಲ್ಲ ಗಾಳಿಯಾಡದ ಮೂಲೆಗಳಲ್ಲಿ ಉಳಿಯುತ್ತದೆ. ಆರ್ದ್ರತೆ ಶೇ. 60 ದಾಟದಂತೆ ನೋಡಿಕೊಳ್ಳಿ. ಅದನ್ನು ತೋರಿಸುವ ಸಣ್ಣ ಮಾಪಕ ಅಗ್ಗಕ್ಕೇ ಸಿಗುತ್ತದೆ.

ಒಣ ಬೂಷ್ಟನ್ನು ಪೊರಕೆಯಿಂದ ಕೆರೆಯಬೇಡಿ, ಬೀಜಕಣಗಳು ಕೋಣೆಯೆಲ್ಲ ಹರಡುತ್ತವೆ. ಎನ್-95 ಮಾಸ್ಕ್ ಧರಿಸಿ, ಸಾಬೂನಿನ ನೀರಿನಿಂದ ಉಜ್ಜಿ, ಪೂರ್ತಿ ಆರಿಸಿ. ಆ ಹೊತ್ತಿನಲ್ಲಿ ಮಗು ಬೇರೆ ಕೋಣೆಯಲ್ಲಿರಲಿ. ಕೆಮ್ಮನ್ನು ಮಾತ್ರ ವೈದ್ಯರಿಗೆ ತೋರಿಸಿ.