ಪ್ರೀಸೆಟ್ ಬದಲಿಸಿದಾಗ ನಾಬ್ ಎಗರೋದಕ್ಕೆ

ಸುಗಮ ಸಂಗೀತಕ್ಕೆ ಕೀಬೋರ್ಡ್ ನುಡಿಸ್ತೀರಿ, ಸರ್ಜ್ ಎಕ್ಸ್‌ಟಿ ಅನ್ನೋ ಸಿಂಥಸೈಸರ್ ಸಾಫ್ಟ್‌ವೇರ್‌ನಲ್ಲಿ ಪ್ರೀಸೆಟ್ (ಸೇವ್ ಮಾಡಿಟ್ಟ ಶಬ್ದ) ಬದಲಿಸಿ ಕಟ್‌ಆಫ್ ನಾಬ್ (ಶಬ್ದ ಸೋಸುವ ಫಿಲ್ಟರ್ ಎಷ್ಟು ತೆರೆದಿರಬೇಕು ಅಂತ ಹೊಂದಿಸುವ ಗುಂಡಿ) ಮುಟ್ಟಿದರೆ ಶಬ್ದ ಎಗರುತ್ತೆ, ಬೇಕಾದ ಪ್ರೀಸೆಟ್ ಹೊತ್ತಿಗೆ ಸಿಗಲ್ಲ ಅಂತ ಕೇಳಿದ್ದೀರಿ.

ನಾಬ್ ಕೆಟ್ಟಿಲ್ಲ, ಹೊಸದಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡಿಗೆ ಓಡಬೇಡಿ. ಸಾಮಾನ್ಯ ನಾಬ್ 0ಯಿಂದ 127ರ ನಡುವೆ ತಾನಿರುವ ಜಾಗವನ್ನಷ್ಟೇ ಮಿಡಿಯಲ್ಲಿ (ವಾದ್ಯ, ಕಂಪ್ಯೂಟರ್ ಪರಸ್ಪರ ಮಾತಾಡೋ ಭಾಷೆ) ಕಳಿಸುತ್ತೆ. ಹಿಂದಿನ ಹಾಡಿಗೆ ಅದನ್ನು 110ಕ್ಕೆ ತಿರುಗಿಸಿಟ್ಟಿದ್ದೀರಿ, ಹೊಸ ಪ್ರೀಸೆಟ್‌ನ ಕಟ್‌ಆಫ್ ಸುಮಾರು 30ರಲ್ಲಿದೆ ಅಂದ್ಕೊಳ್ಳಿ. ಕೂದಲೆಳೆಯಷ್ಟು ಅಲುಗಿಸಿದರೂ ಫಿಲ್ಟರ್ ಒಮ್ಮೆಲೇ ತೆರೆದುಕೊಳ್ಳುತ್ತೆ, ಗಾಯಕರು ಬೆಚ್ಚಿಬೀಳ್ತಾರೆ. ನಾಬ್ ಇರೋ ಕಂಟ್ರೋಲರ್‌ನಲ್ಲೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲೋ ಪಿಕಪ್ ಅಥವಾ ಸಾಫ್ಟ್ ಟೇಕ್‌ಓವರ್ ಇದೆಯಾ ಹುಡುಕಿ. ಅದು ಆನ್ ಆದರೆ ನಾಬ್ ಆ 30ನ್ನು ಮುಟ್ಟುವವರೆಗೂ ಏನೂ ಬದಲಾಗಲ್ಲ. ಮುಂದೆ ಕೊಳ್ಳುವಾಗ ಮಾತ್ರ ಕೊನೆಯಿಲ್ಲದೆ ಸುತ್ತುವ ಎನ್‌ಕೋಡರ್ ಇರೋದನ್ನೇ ತಗೊಳ್ಳಿ. ರಿಲೇಟಿವ್ ಮೋಡ್‌ನಲ್ಲಿ ಅದು ಎಷ್ಟು ತಿರುಗಿತು ಅಂತ ಮಾತ್ರ ಹೇಳುತ್ತೆ, ಹಾಗಾಗಿ ಸಾಫ್ಟ್‌ವೇರ್‌ಗೂ ಆ ಮೋಡ್ ಅರ್ಥವಾದರೆ ಎಗರೋ ಪ್ರಶ್ನೆಯೇ ಇಲ್ಲ.

ಇನ್ನು ಪ್ರೀಸೆಟ್. ಸಾವಿರಾರು ಇದ್ದರೆ ಇರಲಿ, ಅಳಿಸಬೇಡಿ. ಕಾರ್ಯಕ್ರಮಕ್ಕೆ ಬೇಕಾದವನ್ನು ಬೇರೆ ಕ್ಯಾಟಗರಿಯಲ್ಲಿ "01 ಕೊಳಲು", "02 ಪ್ಯಾಡ್" ಅಂತ ಹಾಡಿನ ಕ್ರಮದಲ್ಲೇ ಸೇವ್ ಮಾಡಿ. ಆಮೇಲೆ ವೇದಿಕೆಯಲ್ಲಿ 'ನೆಕ್ಸ್ಟ್' ಬಟನ್ ಒಂದೇ ಸಾಕು. ನೀವು ಸೇವ್ ಮಾಡಿದ ಪ್ರೀಸೆಟ್‌ಗಳಿರೋ ಯೂಸರ್ ಫೋಲ್ಡರನ್ನು ಪೆನ್‌ಡ್ರೈವ್‌ಗೂ ಹಾಕಿಕೊಳ್ಳಿ.