ಎಮರ್ಜೆನ್ಸಿಯಲ್ಲಿ ನಮ್ಮ ನಂತರ ಬಂದವರನ್ನು ಸಿಸ್ಟರ್ ಮೊದಲು ನೋಡುವುದೇಕೆ?

ಕೋಲಾರದಲ್ಲಿ ಕೈ ಮುರಿದುಕೊಂಡ ಅಮ್ಮನನ್ನು ಕಾಯಿಸಿ, ಆಮೇಲೆ ಬಂದವರನ್ನು ಸಿಸ್ಟರ್ ಮೊದಲು ಒಳಗೆ ಕರೆದರು ಎಂದು ಬರೆದಿದ್ದೀರಿ. ನಿಮಗೆ ಬೇಜಾರಾಗಿದ್ದು ಸಹಜ.

ಎಮರ್ಜೆನ್ಸಿಯಲ್ಲಿ ಟೋಕನ್ ಲೆಕ್ಕ ನಡೆಯುವುದಿಲ್ಲ. ಯಾರ ಜೀವಕ್ಕೆ ಅಪಾಯ ಜಾಸ್ತಿಯೋ ಅವರು ಮೊದಲು. ಇದಕ್ಕೆ ಟ್ರಯಾಜ್ ಅಂತಾರೆ. ಸಾಮಾನ್ಯವಾಗಿ ಕೆಂಪು (ತಕ್ಷಣ ನೋಡಬೇಕಾದವರು), ಹಳದಿ (ಬೇಗ ನೋಡಬೇಕಾದವರು), ಹಸಿರು (ಕಾಯಬಹುದಾದವರು) ಎಂದು ವಿಂಗಡಿಸುತ್ತಾರೆ. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹೆದ್ದಾರಿಯಲ್ಲಿ ಅಪಘಾತವಾದವರು, ಟೊಮೆಟೊ ತೋಟದಲ್ಲಿ ಹಾವು ಕಡಿಸಿಕೊಂಡವರು ಬಂದರೂ ಅಷ್ಟೇ, ಒಂದೊಂದು ನಿಮಿಷವೂ ಮುಖ್ಯ. ಮುರಿದ ಕೈ ತುಂಬಾ ನೋಯುತ್ತದೆ, ಆದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತು ಕಾಯಬಹುದು.

ಆದರೂ ಒಂದು ಮಾತು ಹೇಳಬೇಕಿತ್ತು, ಅಲ್ವಾ? “ಅಮ್ಮನ ಬಿಪಿ ಚೆನ್ನಾಗಿದೆ, ಒಳಗೆ ಸೀರಿಯಸ್ ಕೇಸ್ ಇದೆ.” ಇಷ್ಟು ಸಾಕು, ಮನೆಯವರ ಅರ್ಧ ಭಯ ಹೋಗುತ್ತದೆ. ಎಷ್ಟೇ ಗಡಿಬಿಡಿ ಇದ್ದರೂ ಇದನ್ನು ಬಿಡಬಾರದು ಅಂತಲೇ ನನ್ನ ಅಭಿಪ್ರಾಯ.

ನಿಮ್ಮ ಕಡೆಯಿಂದ ಒಬ್ಬರೇ ಮಾತಾಡಿ. ಶುಗರ್, ಅಲರ್ಜಿ, ದಿನಾ ನುಂಗುವ ಮಾತ್ರೆ ಯಾವುದು ಎಂದು ತಿಳಿಸಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಕೇಳದೆ ಕಾಫಿ, ತಿಂಡಿ ಕೊಡಬೇಡಿ. ಕಾಯುವಾಗ ಅಮ್ಮನಿಗೆ ತಲೆ ಸುತ್ತಿದರೆ, ಬೆರಳು ತಣ್ಣಗಾದರೆ ಅಥವಾ ಜೋಮು ಹಿಡಿದರೆ ಸಂಕೋಚವಿಲ್ಲದೆ ಸಿಸ್ಟರ್‌ನ ಕೂಗಿ. ಹಸಿರಿನವರು ಕೆಂಪಿಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.