ಜೆರಾಕ್ಸಿಗೆ ಅಂಜುವವರು ಹೆಬ್ಬೆಟ್ಟಿಗೆ ಅಂಜುವುದಿಲ್ಲ

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಧಾರ್ ಬಗ್ಗೆಯೇ. ಹೋದ ವರ್ಷವೂ ಇವೇ ಪ್ರಶ್ನೆ ಇದ್ದವು, ಕೆಲವರು ಅಕ್ಷರವನ್ನೂ ಬದಲಿಸಿಲ್ಲ. ಕಾರ್ಡ್ ಹೇಗೆ ಮಾಡಿಸಬೇಕು, ಹೆಸರಿನ ತಪ್ಪು ಎಲ್ಲಿ ತಿದ್ದಿಸಬೇಕು ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಅದು ಆಧಾರ್ ಕೇಂದ್ರದಲ್ಲಿ ಕೂತ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತು. ರಾಯಚೂರಿನ ಕೋರ್ಟಿನಲ್ಲಿ ಕೂದಲು ಬೆಳ್ಳಗಾದ ವಕೀಲನನ್ನು ಕೇಳಬೇಕಾದದ್ದು ಬೇರೆ ಇದೆ. ಅದನ್ನು ಒಬ್ಬರು ಕೇಳಿದ್ದಾರೆ, ಕೊಂಚ ಕೊಂಕಾಗಿ.

ಪ್ರಶ್ನೆ: ಆಧಾರ್ ಪಿವಿಸಿ ಕಾರ್ಡಿನೊಳಗೆ ಚಿಪ್ ಇದ್ದು ನಾವು ಎಲ್ಲಿ ಹೋದರೂ ಸರ್ಕಾರಕ್ಕೆ ತಿಳಿಯುತ್ತದಂತೆ, ನಿಜವೇ? (ಮಾನ್ವಿ)

ಕಾರ್ಡಿನಲ್ಲಿ ಚಿಪ್ ಇಲ್ಲ. ನೀವು ಎಲ್ಲಿ ಹೋಗುತ್ತೀರೆಂದು ತಿಳಿಯಲು ನಿಮ್ಮ ಜೇಬಿನ ಮೊಬೈಲೇ ಸಾಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ತೆರಿಗೆ ಕಟ್ಟುತ್ತೇನೆ, ಯಾವ ತಪ್ಪೂ ಮಾಡಿಲ್ಲ. ಆಧಾರ್‌ನಿಂದ ಖಾಸಗಿತನಕ್ಕೆ ಧಕ್ಕೆ, ನಾಗರಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ವಕೀಲರು ಕೂಗುವುದು ಯಾರಿಗಾಗಿ? ಕಳ್ಳರಿಗಾಗಿಯೇ? (ಗಂಗಾವತಿ)

ಮಾಸ್ತರೇ, ಮಗಳ ಮದುವೆಗೆ ಎಷ್ಟು ಸಾಲ ಮಾಡಿದಿರಿ ಎಂದು ಗಂಗಾವತಿ ಬಸ್ಟ್ಯಾಂಡಿನಲ್ಲಿ ನಿಂತು ಹೇಳುತ್ತೀರೇನು? ಹೇಳುವುದಿಲ್ಲ. ಸಾಲ ಮಾಡುವುದು ಅಪರಾಧವೇ? ಅದೂ ಅಲ್ಲ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದು ನಿಮ್ಮ ಕೈಯಲ್ಲಿರಬೇಕು, ಅಷ್ಟೇ ಸಂಗತಿ.

ಇನ್ನು ಕಳ್ಳರ ಮಾತು. ಸುಪ್ರೀಂ ಕೋರ್ಟಿಗೆ 2012ರಲ್ಲಿ ಆಧಾರ್ ವಿರುದ್ಧದ ಕೇಸು ಒಯ್ದವರು ಕೆ.ಎಸ್. ಪುಟ್ಟಸ್ವಾಮಿ, ನಮ್ಮದೇ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. ಆಗ ಅವರಿಗೆ ಎಂಬತ್ತಾರು ವರ್ಷ. ಅವರ ತಕರಾರು ಸರಳವಾಗಿತ್ತು: ಆಧಾರ್ ಕೊಡುವ ಪ್ರಾಧಿಕಾರವನ್ನು 2009ರಲ್ಲಿ ಒಂದು ಆದೇಶದಿಂದ ಹುಟ್ಟಿಸಿದಿರಿ, 2010ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಟೆಂಭಲಿಯಲ್ಲಿ ಮೊದಲ ಸಂಖ್ಯೆ ಕೊಟ್ಟಿರಿ, ಕೋಟಿಗಟ್ಟಲೆ ಜನರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದೀರಿ, ಇದಕ್ಕೆ ಕಾಯ್ದೆ ಎಲ್ಲಿದೆ? ಕಾಯ್ದೆ ಬಂದದ್ದು 2016ರಲ್ಲಿ. ಹೊಲದಲ್ಲಿ ಬೆಳೆ ಕಟಾವಾದ ಮೇಲೆ ಬದುವಿಗೆ ಬೇಲಿ ಹಾಕಿದ ಹಾಗೆ.

ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ಕೋರ್ಟಿನಲ್ಲಿ ವಾದಿಸಿತ್ತು. 2017ರ ಆಗಸ್ಟ್ 24ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹಕ್ಕು ಹೌದು ಎಂದರು. ಮುಂದಿನ ವರ್ಷ ಸೆಪ್ಟೆಂಬರ್ 26ರಂದು ಐವರ ಪೀಠ ನಾಲ್ಕಕ್ಕೆ ಒಂದರಂತೆ ಆಧಾರ್ ಕಾಯ್ದೆಯನ್ನು ಉಳಿಸಿತು, ಆದರೆ ರೆಕ್ಕೆ ಕತ್ತರಿಸಿ. ಸಿಮ್‌ಗೆ, ಬ್ಯಾಂಕ್ ಖಾತೆಗೆ ಕಡ್ಡಾಯ ಜೋಡಣೆ ಹೋಯಿತು. ಶಾಲೆಯ ದಾಖಲಾತಿಗೆ ಬೇಡ ಎಂದಿತು. ಆಧಾರ್‌ನಿಂದ ಗುರುತು ದೃಢೀಕರಿಸಿದ ದಾಖಲೆಯನ್ನು ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದಿತು. ಪ್ಯಾನ್ ಜೋಡಣೆ ಮತ್ತು ಸರ್ಕಾರಿ ಸವಲತ್ತು ಉಳಿದವು. ಕಾಯ್ದೆಯನ್ನು ರಾಜ್ಯಸಭೆ ತಡೆಯಲಾಗದ ಹಣಕಾಸು ಮಸೂದೆಯೆಂದು ಪಾಸು ಮಾಡಿದ್ದೇ ಸಂವಿಧಾನಕ್ಕೆ ಮಾಡಿದ ಮೋಸ ಎಂದು ಭಿನ್ನ ತೀರ್ಪು ಬರೆದವರು ಡಿ.ವೈ. ಚಂದ್ರಚೂಡ್.

ಕತ್ತರಿಸಿದ ರೆಕ್ಕೆ ಮತ್ತೆ ಮೊಳೆಯುತ್ತದೆ ಎಂಬುದೇ ನನ್ನ ಆತಂಕ. 2019ರ ತಿದ್ದುಪಡಿಯಲ್ಲಿ ಬ್ಯಾಂಕು, ಮೊಬೈಲ್ ಕಂಪನಿಗಳಿಗೆ 'ಸ್ವಇಚ್ಛೆ'ಯ ಹೆಸರಿನಲ್ಲಿ ಬಾಗಿಲು ತೆರೆಯಿತು. 2025ರ ಜನವರಿಯ ನಿಯಮಗಳಲ್ಲಿ ಬೇರೆ ಖಾಸಗಿ ಸಂಸ್ಥೆಗಳೂ ಅನುಮತಿ ಕೇಳಬಹುದು ಎಂದಾಯಿತು. ಸ್ವಇಚ್ಛೆ ಅಂದರೆ ಏನೆಂದು ಸಿಮ್ ಕೊಳ್ಳಲು ಹೋದವರಿಗೆ ಗೊತ್ತು. ಗುರುತಿನ ಚೀಟಿಯ ಹುಟ್ಟುಗುಣವೇ ಇದು, ನಮ್ಮ ದೇಶದ್ದಷ್ಟೇ ಅಲ್ಲ. ಬ್ರಿಟನ್ನಿನಲ್ಲಿ 1939ರಲ್ಲಿ ಯುದ್ಧಕ್ಕೆಂದು ಚೀಟಿ ಹಂಚಿದರು. ಯುದ್ಧ ಮುಗಿದರೂ ಚೀಟಿ ಮುಗಿಯಲಿಲ್ಲ, ಪೊಲೀಸರು ರಸ್ತೆಯಲ್ಲಿ ಸುಮ್ಮಸುಮ್ಮನೆ ಕೇಳತೊಡಗಿದರು. 1950ರ ಡಿಸೆಂಬರಿನಲ್ಲಿ ಕ್ಲಾರೆನ್ಸ್ ವಿಲ್ಕಾಕ್ ಎಂಬಾತ ಕಾರು ನಿಲ್ಲಿಸಿದ ಪೊಲೀಸನಿಗೆ ತೋರಿಸುವುದಿಲ್ಲ ಎಂದ. ಅವನು ತಪ್ಪಿತಸ್ಥ ಎಂಬ ತೀರ್ಪೇನೋ ಖಾಯಂ ಆಯಿತು, ಆದರೆ ಒಂದು ಕೆಲಸಕ್ಕೆಂದು ಮಾಡಿದ ಕಾನೂನನ್ನು ಇನ್ನೊಂದಕ್ಕೆ ಎಳೆಯುತ್ತೀರಿ ಎಂದು ನ್ಯಾಯಾಧೀಶರು ಗದರಿಸಿದರು. 1952ರಲ್ಲಿ ಚೀಟಿ ರದ್ದಾಯಿತು. ವಿಲ್ಕಾಕ್ ಕಳ್ಳನಾಗಿರಲಿಲ್ಲ, ಮಾಸ್ತರೇ.

ನಮ್ಮೂರಿಗೆ ಬನ್ನಿ. ಗ್ರಾಮ ಆಡಳಿತ ಅಧಿಕಾರಿ ಪಹಣಿಗೆ ಆಧಾರ್ ಜೋಡಿಸಿಕೊಂಡು ಹೋದ. ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಯಲ್ಲಿ ನಿಮ್ಮ ಬೆಳೆ, ಬ್ಯಾಂಕ್ ಖಾತೆ ಇವೆ. ಪಡಿತರ ಚೀಟಿ, ಜಾತಿ-ಆದಾಯ ಪ್ರಮಾಣಪತ್ರ 'ಕುಟುಂಬ' ತಂತ್ರಾಂಶದಲ್ಲಿ ಇವೆ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಒಳ್ಳೆಯದೇ, ಬೆನಾಮಿ ಪಹಣಿಗಳ ಕೇಸು ನಡೆಸಿದ ನಾನೇ ಅದನ್ನು ಒಪ್ಪುತ್ತೇನೆ. ಒಂದೇ ಸಂಖ್ಯೆಯ ದಾರದಲ್ಲಿ ಎಲ್ಲವನ್ನೂ ಪೋಣಿಸಿದಾಗ ಆ ದಾರದ ತುದಿ ಯಾರ ಕೈಯಲ್ಲಿದೆ ಎಂದು ಕೇಳಬೇಕಾಗುತ್ತದೆ. ದೆಹಲಿಯ ಪ್ರಾಧಿಕಾರ ನೀವು ಯಾತಕ್ಕೆ ಹೆಬ್ಬೆಟ್ಟು ಒತ್ತಿದಿರಿ ಎಂದು ಬರೆದಿಟ್ಟುಕೊಳ್ಳುವಂತಿಲ್ಲ, ಕಾಯ್ದೆಯ 32ನೇ ಕಲಮು ಹಾಗೆ ಹೇಳುತ್ತದೆ. ಉಳಿದ ಇಲಾಖೆಗಳ ಪಟ್ಟಿಗಳಿಗೆ ಆ ಕಲಮು ಕಟ್ಟು ಹಾಕುವುದಿಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಹಾಕೀತು ಎಂದುಕೊಂಡಿದ್ದೆ. ಅದರಲ್ಲಿ ಸರ್ಕಾರ ತನಗೇ ವಿನಾಯಿತಿ ಕೊಟ್ಟುಕೊಳ್ಳುವ ಕಿಂಡಿ ದೊಡ್ಡದಿದೆ.

ಇನ್ನೊಂದು, ನೀವು ಬರೆದ ಪತ್ರದಲ್ಲಿ ಇಲ್ಲದೇ ಇರುವುದು. ನನ್ನ ತಮ್ಮ ಎರಡು ವರ್ಷದ ಹಿಂದೆ ಎರಡೆಕರೆ ಹೊಲ ಮಾರಿದ. ತಿಂಗಳೊಪ್ಪತ್ತಿನಲ್ಲಿ ಅವನ ಖಾತೆಯಿಂದ ಹತ್ತು ಸಾವಿರ ಹೋಯಿತು, ಮರುದಿನ ಮತ್ತೆ ಹತ್ತು ಸಾವಿರ. ಓಟಿಪಿ ಬಂದಿರಲಿಲ್ಲ, ಎಟಿಎಂ ಕಾರ್ಡ್ ಟ್ರಂಕಿನಲ್ಲಿತ್ತು. ದುಡ್ಡು ತೆಗೆದದ್ದು ಬೇರೆ ರಾಜ್ಯದ ಯಾವುದೋ ಊರಿನ ಮೈಕ್ರೋ ಎಟಿಎಂನಲ್ಲಿ, ಅಂದರೆ ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವ ಸಣ್ಣ ಯಂತ್ರದಲ್ಲಿ. ಆ ಹೊತ್ತಿಗೆ ತಮ್ಮ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಮಂಡಾಳು ತಿನ್ನುತ್ತಿದ್ದ. ಬ್ಯಾಂಕಿನವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು: "ತಂಬ್ ನಿಮ್ದೇ ಐತಿ ನೋಡ್ರಿ."

ಅದು ನಾನಲ್ಲ ಎಂದು ಸಾಬೀತು ಮಾಡುವ ಹೊಣೆ ಅವನ ತಲೆಗೆ ಬಂತು. ಕೊಲೆ ಆರೋಪಿಗೂ ಕೋರ್ಟಿನಲ್ಲಿ ಈ ಕಷ್ಟ ಕೊಡುವುದಿಲ್ಲ.

ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಹೆಬ್ಬೆಟ್ಟು, ಈ ಮೂರಿದ್ದರೆ ಒಂದು ಸಲಕ್ಕೆ ಹತ್ತು ಸಾವಿರದವರೆಗೆ ಹಣ ತೆಗೆಯಬಹುದು. ಮೊದಲೆರಡು ಯಾವ ಜೆರಾಕ್ಸ್ ಅಂಗಡಿಯ ಕಸದ ಬುಟ್ಟಿಯಲ್ಲೂ ಸಿಗುತ್ತವೆ. ಮೂರನೆಯದು ನೋಂದಣಿ ಪತ್ರದ ಮೇಲೆ ಒತ್ತಿದ ಗುರುತಿನಲ್ಲಿ ಸಿಗುತ್ತದೆ. ನಮ್ಮ ಪಕ್ಕದ ತೆಲಂಗಾಣದಲ್ಲಿ 2018ರಲ್ಲೇ ಒಬ್ಬ ಸಿಮ್ ಅಂಗಡಿಯವ ನೋಂದಣಿ ಪತ್ರಗಳಿಂದ ರಬ್ಬರಿನ ಬೆರಳು ತಯಾರಿಸಿ ಸಾವಿರಾರು ಸಿಮ್ ಚಾಲೂ ಮಾಡಿದ್ದ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳು ಹೀಗೇ ಬರಿದಾದವು. ತಮ್ಮನ ಪತ್ರ ಎಲ್ಲಿ ಸೋರಿತೋ ಇವತ್ತಿಗೂ ತಿಳಿದಿಲ್ಲ.

ದುಡ್ಡು ವಾಪಸು ಬಂತು, ಐದು ತಿಂಗಳಿಗೆ. ಬಂದದ್ದು ನಾನು ವಕೀಲ ಎಂದಲ್ಲ, ಮೂರನೇ ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಟ್ಟಿದ್ದೆವು ಎಂದು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ಮೂರು ಕೆಲಸದ ದಿನದೊಳಗೆ ತಿಳಿಸಿದರೆ, ಗ್ರಾಹಕನ ತಪ್ಪಿಲ್ಲದ ಇಂಥ ಮೋಸದಲ್ಲಿ ಅವನ ಹೊಣೆ ಸೊನ್ನೆ. ತಪ್ಪು ಗ್ರಾಹಕನದೇ ಎಂದು ತೋರಿಸುವ ಭಾರ ಬ್ಯಾಂಕಿನದು. ಸುತ್ತೋಲೆಯ ಪ್ರತಿಯನ್ನು ಮೇಜಿನ ಮೇಲೆ ಇಟ್ಟ ಮೇಲೆ ಅವರ ದನಿ ಬದಲಾಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆದರೆ ಫೋನ್ ಮಾಡಿದೆ ಎಂದು ಸುಮ್ಮನೆ ಕೂರಬೇಡಿ. ಬ್ಯಾಂಕಿನ ಸೀಲು ಬಿದ್ದ ಪ್ರತಿ ಕೈಯಲ್ಲಿರಲಿ.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರ ಬಯೋಮೆಟ್ರಿಕ್ ಲಾಕ್ ಆಗಿದೆ, ಲಾಕ್ ತೆಗೆಯುವವರೆಗೆ ಯಾರ ಹೆಬ್ಬೆಟ್ಟೂ ನಡೆಯುವುದಿಲ್ಲ. ಪ್ರಾಧಿಕಾರದ ಆ್ಯಪ್‌ನಲ್ಲೇ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ತೆಗೆಯಲು ಮರೆತು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತ ನನ್ನ ಹೆಂಡತಿ ಅಲ್ಲಿಂದಲೇ ಫೋನಿನಲ್ಲಿ ನನಗೆ ಬೈದದ್ದುಂಟು. ಬೈಯಲಿ.

ಇಷ್ಟಾದರೂ ನನ್ನ ಕಕ್ಷಿದಾರರಲ್ಲಿ ಇದು ಸಣ್ಣ ನಷ್ಟ. ದೊಡ್ಡದು, ಹೆಬ್ಬೆಟ್ಟು ಹೊಂದದೇ ಇರುವುದು. ಸಿಂಧನೂರು ಕಡೆ ಭತ್ತ ನಾಟಿ ಮಾಡುವ, ಲಿಂಗಸುಗೂರಿನಲ್ಲಿ ಹತ್ತಿ ಬಿಡಿಸುವ ಹೆಂಗಸರ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? "ತಂಬ್ ಹತ್ತವಲ್ದು, ನಾಳೆ ಬಾ ಯವ್ವಾ" ಎಂದು ಅಂಗಡಿಯವ ಕಳಿಸುತ್ತಾನೆ. ನಾಳೆಯೂ ಹತ್ತುವುದಿಲ್ಲ. ತನ್ನ ಅಕ್ಕಿ ಕೇಳಲು ಬಂದವಳನ್ನು ಇವಳು ಅವಳಲ್ಲ ಎಂದು ಯಂತ್ರ ಹೇಳಿದರೆ ಅವಳು ಯಾರ ಹತ್ತಿರ ಹೋಗಿ ತಾನು ತಾನೇ ಎನ್ನಬೇಕು? ಕಳ್ಳನ ಬೆರಳಿಗೆ ಒಲಿದ ಯಂತ್ರ ಇದೇ. ನಾಗರಿಕ ಸ್ವಾತಂತ್ರ್ಯ ಎಂಬ ಮಾತು ನಿಮಗೆ ದೆಹಲಿಯ ಸೆಮಿನಾರಿನದಾಗಿ ಕೇಳಿಸಿದ್ದರೆ, ಮಾಸ್ತರೇ, ತಿಂಗಳ ಕೊನೆಯಲ್ಲಿ ಒಂದು ದಿನ ಯಾವುದಾದರೂ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ನೋಡಿ.

ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸವಲತ್ತು ತಪ್ಪಿಸಬಾರದು ಎಂಬುದನ್ನು 2018ರ ತೀರ್ಪೇ ದಾಖಲಿಸಿದೆ. ಬೇರೆ ಬೆರಳು, ಕಣ್ಣಿನ ಪಾಪೆ, ಓಟಿಪಿ ಇವನ್ನೆಲ್ಲ ನೋಡಬೇಕು, ಅವೂ ಆಗದಿದ್ದರೆ ಪುಸ್ತಕದಲ್ಲಿ ಬರೆದು ಕೊಡಬೇಕು. ಕೊಡದಿದ್ದರೆ ಯಾಕೆ ಇಲ್ಲವೆಂದು ಬರೆದುಕೊಡು ಎನ್ನಿ. ಬರೆದುಕೊಡುವುದಿಲ್ಲ ಎನ್ನುತ್ತಾನೆ, ಆಗ ತಹಶೀಲ್ದಾರರಿಗೆ ಅರ್ಜಿ, ಅಲ್ಲೂ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ. ನಿವೃತ್ತ ಶಿಕ್ಷಕರಿಗೆ ಅರ್ಜಿ ಬರೆಯುವ ಕೈ ಚೆನ್ನಾಗಿರುತ್ತದೆ. ಊರಲ್ಲಿ ನಾಲ್ಕು ಜನರಿಗೆ ಬರೆದುಕೊಡಿ.

ಪ್ರಶ್ನೆ: ಹತ್ತು ವರ್ಷವಾದ ಆಧಾರ್ ರದ್ದಾಗುತ್ತದೆ ಎಂದು ಹೇಳಿ ಒಬ್ಬ ಮನೆ ಬಾಗಿಲಿಗೆ ಬಂದು 300 ರೂಪಾಯಿ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡ. ಸರಿಯೇ? (ಸಿರುಗುಪ್ಪ)

ರದ್ದಾಗುವುದಿಲ್ಲ. ದಾಖಲೆ ಹೊಸದು ಮಾಡಿಸಿ ಎಂಬುದು ಸಲಹೆ ಅಷ್ಟೇ. ಮನೆ ಬಾಗಿಲಿಗೆ ಯಂತ್ರ ಹಿಡಿದು ಬಂದವನಿಗೆ ಯಾಕೆ ಕೈ ಕೊಟ್ಟಿರಿ? ಇವತ್ತೇ ಲಾಕ್ ಮಾಡಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ, ಪ್ರಾಧಿಕಾರದ ಜಾಲತಾಣದಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ನೋಡಿ. ಇಂಥವರು ನಮ್ಮ ಹಳ್ಳಿಗಳಲ್ಲಿ ಹಿಂದೆ ತಾಯತ ಮಾರುತ್ತಿದ್ದರು, ಈಗ ಸ್ಕ್ಯಾನರ್ ಹಿಡಿದಿದ್ದಾರೆ.

ಪ್ರಶ್ನೆ: ಆಧಾರ್‌ನಲ್ಲಿ ರಾಯಚೂರಿನ ವಿಳಾಸ ಇದೆ. ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಗೆ ಸಾಕಲ್ಲವೇ? (ದೇವದುರ್ಗ)

ಸಾಲದು. ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರ ತನ್ನಿ. ವಿಳಾಸ ಬೇರೆ, ಮೂಲನಿವಾಸ ಬೇರೆ.

ಪ್ರಶ್ನೆ: ಆಧಾರ್ ಇದ್ದಮೇಲೆ ನಾನು ಭಾರತದ ಪ್ರಜೆ ಎಂದು ಯಾರೂ ಪ್ರಶ್ನಿಸುವಂತಿಲ್ಲ, ಹೌದೇ? (ಸಿಂಧನೂರು)

ಅಲ್ಲ. ಕಾಯ್ದೆಯ 9ನೇ ಕಲಮು ನೇರವಾಗಿ ಅಲ್ಲ ಎನ್ನುತ್ತದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಆಧಾರನ್ನು ಹನ್ನೆರಡನೇ ದಾಖಲೆಯಾಗಿ ತೆಗೆದುಕೊಳ್ಳಿ ಎಂದಾಗಲೂ, ಅದು ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ ಎಂದೇ ಹೇಳಿತು. ಸಿಂಧನೂರಿನವರಿಗೆ ಇದನ್ನು ನಾನು ಹೇಳಬೇಕೇ? ಬಾಂಗ್ಲಾ ಕಡೆಯಿಂದ ಬಂದ ನಿರಾಶ್ರಿತರಿರುವ ನಿಮ್ಮ ಆರ್.ಎಚ್. ಕ್ಯಾಂಪ್‌ಗಳಲ್ಲಿ ಕೇಳಿ, ಆಧಾರ್ ಜೇಬಿನಲ್ಲಿಟ್ಟುಕೊಂಡೇ ಪೌರತ್ವಕ್ಕೆ ಅರ್ಜಿ ಹಾಕಿದವರು ಸಿಗುತ್ತಾರೆ.

ಪ್ರಶ್ನೆ: ಹಂಪಿ ಕಡೆಯ ಲಾಡ್ಜುಗಳಲ್ಲಿ ಆಧಾರ್ ಜೆರಾಕ್ಸ್ ಕೊಡದಿದ್ದರೆ ರೂಮಿಲ್ಲ ಎನ್ನುತ್ತಾರೆ. ಕೊಡಬೇಕೇ? (ಕೊಪ್ಪಳ)

ಡ್ರೈವಿಂಗ್ ಲೈಸೆನ್ಸ್ ತೋರಿಸಿ. ಆಧಾರೇ ಬೇಕೆಂದು ಹಟ ಹಿಡಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ, ಮೇಲೆ ಅಡ್ಡಗೆರೆ ಎಳೆದು ತಾರೀಖು, ಲಾಡ್ಜಿನ ಹೆಸರು ಬರೆಯಿರಿ. 2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಜೆರಾಕ್ಸ್ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿ, ಗದ್ದಲವಾದ ಮೇಲೆ ಎರಡೇ ದಿನಕ್ಕೆ ಅದನ್ನು ಹಿಂದಕ್ಕೆ ಪಡೆಯಿತು. ನಾನು ಆ ಪ್ರಕಟಣೆಯನ್ನು ಕತ್ತರಿಸಿಟ್ಟುಕೊಂಡಿದ್ದೇನೆ, ಈಗಲೂ ಅದನ್ನೇ ಪಾಲಿಸುತ್ತೇನೆ.

ಪ್ರಶ್ನೆ: ಬೆರಳ ಗೆರೆ ಎದ್ದು ಕಾಣಲು ನಿಂಬೆರಸ ಹಚ್ಚಿದರೆ ಆಗುತ್ತದೆಯೇ? (ಬಳ್ಳಾರಿ)

ಕೈ ತೊಳೆದು ಒರೆಸಿಕೊಳ್ಳಿ. ನಿಂಬೆಹಣ್ಣು ಚಿತ್ರಾನ್ನಕ್ಕೆ ಇರಲಿ.